ನಿನ್ನ ಮ್ಯಾಲಿನ ಕಲ್ಲು

ಹಿರೇಹಡಗಲಿ, 1997

ಅತ್ತಿ,

ನಿನಗ ಓದಾಕ ಬರತಿದ್ದಿಲ್ಲ, ಈಗಂತೂ ಮಣ್ಣಾಗಿ ಎರಡು ವರ್ಷಾತು. ಆದ್ರೂ ಹೇಳದ ಇರಾಕ ಆಗವಲ್ದು.

ಬಾವಿ ತೆಗಿಸಾಕ ಮಾಡಿದ ಸಾಲ ಕಟ್ಟಲಿಲ್ಲ ಅಂತ ಸರ್ಕಾರದವರು ನಿನ್ನೆ ನಮ್ಮ ಹೊಲ ವಶ ಮಾಡಿಕೊಳ್ಳಾಕ ಬಂದಿದ್ರು. ಅವರು ಬರ್ತಾರಂತ ಗೊತ್ತಾಗಿ ನಿನ್ನ ಮಗ ಗಡಿಕಲ್ಲೆಲ್ಲ ಕಿತ್ತು ಹಳ್ಳಕ್ಕ ಒಗೆದಿದ್ದ. ಯಾರ ಹೊಲ ಯಾವುದು ಅಂತ ಯಾರೂ ಬಾಯಿ ಬಿಡಬಾರ್ದು ಅಂತ ಊರಾಗ ಮಾತಾಗಿತ್ತು. ಎಲ್ಲರೂ ಹಂಗ ನಡಕೊಂಡ್ರು. ನಾನೂ "ನಮ್ಮ ಹೊಲ ಇದಲ್ರಿ, ಆ ಕಡಿಗೆ ಐತಿ" ಅಂದೆ. ನಮ್ಮ ಹೊಲದಾಗ ನಿನ್ನನ್ನ ಹೂಳಿದ ಜಾಗದ ಮುಂದ, ಯಾರದೋ ಅನ್ನುವಂಗ, ಚಪ್ಪಲಿ ಬಿಡದ, ಕೈ ಮುಗೀದ ಹಾದು ಹೋದೆ.

ಮಧ್ಯಾಹ್ನಕ್ಕ ಸಾಹೇಬ ಸಾಕಾಗಿ ವಾಪಸ್ ಹೊಂಟ. ಹೊಂಟವನು ಬೂಟಿನಾಗಿನ ಮುಳ್ಳು ತೆಗಿಯಾಕ ನಿನ್ನ ಕಲ್ಲಿನ ಮ್ಯಾಲೆ ಕುಂತ.

ನೀನಿದ್ದಾಗ ಒಂದಿನಾನೂ ನಿನ್ನ ಪರ ಮಾತಾಡದ ಬಾಯಿ, ನಿನ್ನೆ ತಡೀಲಿಲ್ಲ.

"ಏಳ್ರಿ ಮ್ಯಾಲೆ! ಅಲ್ಲಿ ನಮ್ಮತ್ತಿ ಅದಾಳ!"

ಅವನು ಗಾಬರಿಯಾಗಿ ಎದ್ದ. "ತಪ್ಪಾತು ತಾಯಿ" ಅಂತ ಕಲ್ಲಿಗೆ ಕೈನೂ ಮುಗಿದ. ಆಮೇಲೆ ನಕ್ಷೆ ಬಿಚ್ಚಿ ಗುರುತು ಹಾಕ್ಕೊಂಡ.

ನಿನ್ನ ಮಗ ನನಗ ಬೈದಿಲ್ಲ. ಬೈದಿದ್ರ ಚಲೋ ಇತ್ತು.

ಇನ್ನು ಆ ಹೊಲದಾಗ ನಾವು ಕಾಲಿಡಂಗಿಲ್ಲಂತ. ಮುಂದಿನ ವಾರ ಮಾನಮಿ ಅಮಾಸಿ, ಹಿರೇರಿಗೆ ಎಡಿ ಇಡೋದು. ನಿನಗ ಎಡಿ ತರಾಕ ಅವರ ಅಪ್ಪಣಿ ಕೇಳಬೇಕು. ಯಾವ ಕಲ್ಲಿಗೆ ಅಂತ ಅವರೇನು ಕೇಳಂಗಿಲ್ಲ ಬಿಡು. ನಾನ ತೋರಿಸೀನಲ್ಲ.