ಅಡುಗೆ ಕಟ್ಟೆಯ ಎತ್ತರ

ಅಕ್ಕಾ,

ಎದ್ದ ತಕ್ಷಣ ಮೇಸ್ತ್ರಿಗೆ ಫೋನ್ ಮಾಡಿ ಬೈಯಬೇಡ. ಹೊಸ ಮನೆ ಹತ್ತಿರ ನಾನೇ ಹೋಗಿದ್ದೇನೆ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ, ಉಕ್ಕಿಸಿಲ್ಲ.

ನಿನ್ನೆ ನೀನು ಅಡುಗೆ ಕಟ್ಟೆಯ ಮುಂದೆ ತುದಿಗಾಲಲ್ಲಿ ನಿಂತು, "ನಕ್ಷೇಲಿ ಒಂದು, ಇಲ್ಲಿ ಇನ್ನೊಂದು! ಏಣಿ ಹಾಕ್ಕೊಂಡು ಅಡುಗೆ ಮಾಡ್ಲಾ?" ಎಂದು ಆ ಮನುಷ್ಯನ ಮೈಚಳಿ ಬಿಡಿಸಿದೆಯಲ್ಲ, ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಸಿಮೆಂಟು ಕೆರೆಯುತ್ತಾ ನಿಂತೆ. ರಾತ್ರಿಯಿಡೀ ಅದೇ ಚುಚ್ಚುತ್ತಿತ್ತು.

ತಪ್ಪು ನನ್ನದು. ಕಟ್ಟೆ ಕಟ್ಟುವಾಗ ಅವರು, "ನಕ್ಷೇಲಿರೋ ಎತ್ತರ ನಿಮ್ಮಕ್ಕನಿಗೆ ಸಾಕಾ?" ಎಂದು ಕೇಳಿದ್ದರು. "ಸಾಲಲ್ಲ, ಅಕ್ಕ ಇಷ್ಟೆತ್ತರ ಇದ್ದಾಳೆ" ಎಂದು ನನ್ನ ತಲೆಯ ಮೇಲೆ ಕೈ ಹಿಡಿದು ತೋರಿಸಿದೆ. ಆಗಿನ್ನೂ ನಿನ್ನನ್ನು ಫೋನಿನಲ್ಲಷ್ಟೇ ಬಲ್ಲ ಅವರು, ಆ ದನಿಗೆ ಅಷ್ಟೆತ್ತರ ಸರಿಯೇ ಎಂದು ನಂಬಿ ಇನ್ನೊಂದು ವರಸೆ ಇಟ್ಟಿಗೆ ಏರಿಸಿಬಿಟ್ಟರು.

ಮೇಲಿನ ಕಲ್ಲು ಇನ್ನೂ ಕೂರಿಸಿಲ್ಲ, ಪುಣ್ಯ. ಆ ವರಸೆಯನ್ನು ನಾನೇ ಕೈಯಾರೆ ಬಿಚ್ಚಿಕೊಡುತ್ತೇನೆ. ಅವರ ಕ್ಷಮೆಯನ್ನೂ ಕೇಳುತ್ತೇನೆ. ನೀನು ಸಂಜೆ ಬಂದು ಕಟ್ಟೆಯ ಮುಂದೆ ಸುಮ್ಮನೆ ನಿಂತುಕೋ, ಈ ಸಲ ಅವರೇ ಅಳೆಯಲಿ. ಸುಮ್ಮನೆ ಅಂದರೆ ಸುಮ್ಮನೆ, ಬಾಯಿ ಮಾಡಬೇಡ. ಬೈಯುವುದಿದ್ದರೆ ಮನೆಗೆ ಬಂದ ಮೇಲೆ ನನ್ನನ್ನು ಬೈ.

ನಿನ್ನ ಅಳತೆಯನ್ನು ನನ್ನ ಹತ್ತಿರ ಕೇಳಲೇಬಾರದಿತ್ತು. ನೀನು ಕೈ ಹಿಡಿದು ಶಾಲೆಗೆ ಕರೆದೊಯ್ಯುವಾಗ ತಲೆಯೆತ್ತಿ ನಿನ್ನ ಮುಖ ನೋಡಿದವನು ನಾನು. ನೀನು ನನ್ನ ಭುಜಕ್ಕೆ ಬರುತ್ತೀಯ ಎಂಬುದು ಕಣ್ಣಿಗೆ ಬಿದ್ದದ್ದು ನಿನ್ನೆ, ನೀನು ತುದಿಗಾಲಲ್ಲಿ ನಿಂತಾಗ.

ತಮ್ಮ