ಕೂದಲೆಳೆಯಷ್ಟು ಹಿತ್ತಾಳೆ

ರೋಚೆಸ್ಟರ್
ಜುಲೈ 14, 2024, ಭಾನುವಾರ

ಪ್ರೀತಿಯ ಡಾನ್ಕಾ,

ಹೇಗಿದ್ದೀಯಾ? ಡುಲುತ್‌ನಲ್ಲಿ ಈಗಲಾದರೂ ಸ್ವೆಟರ್ ಬಿಚ್ಚಿಟ್ಟೆಯೋ ಇಲ್ಲವೋ. ನಿನಗೆ ಐವತ್ತು ತುಂಬಿ ಆರು ವಾರವಾಯಿತು, ತಂಗಿಯಿಂದ ಒಂದು ಕಾರ್ಡೂ ಬರಲಿಲ್ಲ. ಮರೆತೆ ಅಂತ ಮಾತ್ರ ತಿಳಿಯಬೇಡ. ಉಡುಗೊರೆ ಸಿದ್ಧವಾಗಲಿಲ್ಲ. ಇವತ್ತು, ನಾಳೆ ಅನ್ನುತ್ತಾ ದಿನ ದೂಡಿದೆ. ಈಗಲೂ ಸಿದ್ಧವಾಗಿಲ್ಲ, ಇನ್ನು ಆಗುವುದೂ ಇಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಾನು ಕೊಡಬೇಕೆಂದಿದ್ದದ್ದು ಒಂದೇ ಒಂದು ಫೋಟೊ. ಷಾರ್ಲಾಟ್ ದಡದಿಂದ ನೀರಿನೊಳಕ್ಕೆ ಚಾಚಿದ ಆ ಕಟ್ಟೆ, ಅದರ ತುದಿಯ ದೀಪದ ಕಂಬ, ಹಿಂದೆ ಸರೋವರ. ಪ್ರತಿ ಆಗಸ್ಟ್‌ನಲ್ಲೂ ಅಪ್ಪ ನಮ್ಮಿಬ್ಬರನ್ನು ಆ ತುದಿಗೆ ಓಡಿಸಿ, ತಾನು ದಡದಲ್ಲೇ ನಿಂತು ತೆಗೆಯುತ್ತಿದ್ದನಲ್ಲ. ನಾವು ಬೆರಳುಗುರಿನಷ್ಟು ಚಿಕ್ಕವರಾಗಿ ಬೀಳುತ್ತಿದ್ದೆವು. ಆದರೂ ನಿನ್ನ ಜಡೆ ಯಾವುದು ನನ್ನ ಟೋಪಿ ಯಾವುದು ಅಂತ ಗೊತ್ತಾಗುತ್ತಿತ್ತು, ಅಷ್ಟು ಸ್ಪಷ್ಟ. ಅದೇ ಜಾಗದಿಂದ, ಅಪ್ಪನ ಅದೇ ಲೆನ್ಸಿನಲ್ಲಿ, ಈಗಿನ ಕಟ್ಟೆಯನ್ನು ತೆಗೆದು ದೊಡ್ಡದಾಗಿ ಅಚ್ಚು ಹಾಕಿಸಿ ನಿನಗೆ ಕಳಿಸಬೇಕು ಅಂತ ಏಪ್ರಿಲ್‌ನಿಂದ ಹೆಣಗಾಡಿದೆ.

ಅದಕ್ಕೆಂದೇ ಅಂಗೈಯಗಲದ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಒಳಗೆ ಕನ್ನಡಿಯೇ ಇಲ್ಲದ್ದರಿಂದ ನಡುವೆ ಅಡಾಪ್ಟರ್ ಅನ್ನುವ ಒಂದು ಲೋಹದ ಬಳೆ ಸಿಕ್ಕಿಸಿದರೆ ಯಾವ ಕಾಲದ ಲೆನ್ಸಾದರೂ ಕೂರುತ್ತದಂತೆ. ಕೂತಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ‘ಲೆನ್ಸ್ ಇಲ್ಲ’ ಎಂದು ಬಂತು. ಅಪ್ಪ ಕಾರ್ಖಾನೆಯಲ್ಲಿ ತನ್ನ ಕೈಯಾರೆ ಜೋಡಿಸಿದ ಲೆನ್ಸು, ಒಂದು ಪೌಂಡು ತೂಕದ್ದು, ಕ್ಯಾಮೆರಾದ ಮೂತಿಯನ್ನೇ ಕಚ್ಚಿಕೊಂಡಿದೆ. ಆ ಮಹಾಶಯ ಇಲ್ಲ ಅನ್ನುತ್ತಾನೆ. ಮೆನುವಿನ ಏಳನೇ ಪುಟದಲ್ಲಿ ‘ಲೆನ್ಸ್ ಇಲ್ಲದಿದ್ದರೂ ಕ್ಲಿಕ್ಕಿಸು’ ಎಂಬ ಸಾಲನ್ನು ಹುಡುಕುವುದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು.

ಆಮೇಲೆ ಶುರುವಾಯಿತು ನೋಡು ನಿಜವಾದ ಕಾಟ. ಹತ್ತಿರದ್ದೆಲ್ಲ ಚೆಂದ ಬೀಳುತ್ತದೆ. ಕಿಟಕಿಯ ಜೆರೇನಿಯಂ ಗಿಡದ ಎಲೆ ಮೇಲಿನ ರೋಮ ಕೂಡ ಎಣಿಸಬಹುದು. ದೂರದ್ದು ಮಾತ್ರ ಮಸುಕು. ಲೆನ್ಸಿನ ಫೋಕಸ್ ಬಳೆಯನ್ನು ಕೊನೆಯ ತನಕ ತಿರುಗಿಸಿದರೂ ದೀಪದ ಕಂಬ ನೀರಲ್ಲಿ ನೆನೆದ ಬ್ರೆಡ್ಡಿನ ಹಾಗೆ. ನಾನು ಕವಿತೆ ಓದುವವಳು, ಪಾಠ ಮಾಡುವವಳು, ಒಂದಿಷ್ಟು ಮಸುಕನ್ನು ಸಹಿಸಬಲ್ಲೆ. ಇದನ್ನು ಸಹಿಸಲಾಗಲಿಲ್ಲ. ಎರಡನೇ ಅಡಾಪ್ಟರ್ ತರಿಸಿದೆ, ಅದೂ ಅಷ್ಟೇ. ಮೂರನೆಯದನ್ನು ಗಾಜಿನ ತಟ್ಟೆಯ ಮೇಲೆ ಮರಳು ಕಾಗದ ಹರಡಿ ಉಜ್ಜಿ ತೆಳುವು ಮಾಡಲು ಹೋದೆ. ಕೈ ಒಂದು ಕಡೆಗೆ ವಾಲಿ, ಈಗ ಫೋಟೊದ ಬಲಭಾಗ ದೂರ ನೋಡುತ್ತದೆ, ಎಡಭಾಗ ನೋಡುವುದಿಲ್ಲ. ಆ ಅಡಾಪ್ಟರನ್ನು ಅಂಗಳಕ್ಕೆ ಎಸೆದೆ. ಅರ್ಧ ಗಂಟೆ ಬಿಟ್ಟು ಹೋಗಿ ಹುಡುಕಿ ತಂದೆ.

ಪ್ರತಿ ಭಾನುವಾರ ಕಟ್ಟೆಗೆ ಹೋಗುತ್ತಿದ್ದೆ. ಗಾಳ ಹಾಕಿ ಕೂತಿರುವ ಮುದುಕರಿಗೆ ನಾನೊಂದು ತಮಾಷೆ. "ಏನಮ್ಮ, ಇವತ್ತಾದ್ರೂ ಕಚ್ಚಿತಾ?" ಅನ್ನುತ್ತಾನೆ ಒಬ್ಬ. "ಕಂಬ ಎಲ್ಲೂ ಓಡಿಹೋಗಲ್ಲ, ನಿಧಾನಕ್ಕೆ ಹಿಡೀರಿ" ಅಂತ ಇನ್ನೊಬ್ಬ. ನಕ್ಕು ಮುಂದೆ ಹೋಗುತ್ತಿದ್ದೆ. ಕಾರಿನೊಳಗೆ ಕೂತ ಮೇಲೆ ಅಳು ಬರುತ್ತಿತ್ತು.

ಇವತ್ತು ತಿಂಗಳ ಎರಡನೇ ಭಾನುವಾರ. ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಹಳೆ ಕ್ಯಾಮೆರಾಗಳ ಸಂತೆ. ಅಲ್ಲಿ ಗಸ್ ಡಿನಾರ್ಡೊ ಅಂತ ಒಬ್ಬರಿದ್ದಾರೆ, ಎಪ್ಪತ್ತೆಂಟು ವರ್ಷ, ಕ್ಯಾಮೆರಾ ರಿಪೇರಿ ಮಾಡಿಕೊಂಡೇ ಮೂವರು ಮಕ್ಕಳನ್ನು ಓದಿಸಿದವರು. ಹೆಂಡತಿ ಲೊರೇನ್ ಪಕ್ಕದ ಮೇಜಿನಲ್ಲಿ ಕಾಫಿ ಕೊಡುತ್ತಾಳೆ. ನನ್ನನ್ನು ಕಂಡಕೂಡಲೇ ಗಸ್, "ಬಂದ್ಲಪ್ಪ ಮಸುಕು ರಾಣಿ. ಲೊರೇನ್, ನನ್ನ ತಲೆನೋವಿನ ಮಾತ್ರೆ ಎಲ್ಲಿ?" ಎಂದರು.

"ತಮಾಷೆ ಸಾಕು ಗಸ್. ಇವತ್ತು ಬಿಚ್ಚಿ ನೋಡಿ."

"ನಿಮ್ಮಪ್ಪ ಜೋಡಿಸಿದ್ದು, ಬಿಚ್ಚಬೇಡಿ ಅಂತ ಎರಡು ತಿಂಗಳಿಂದ ಹೇಳ್ತಿದ್ದವಳು ನೀನೇ."

"ಈಗ ಬಿಚ್ಚಿ ಅಂತಿರೋದೂ ನಾನೇ."

ಲೆನ್ಸಿನ ಹಿಂಭಾಗದ ಮೂರು ತಿರುಪು ತೆಗೆದು, ಹಲ್ಲುಕಡ್ಡಿಯ ತುದಿಯಿಂದ ಏನನ್ನೋ ಮೆಲ್ಲಗೆ ಎತ್ತಿದರು. ಹಿತ್ತಾಳೆಯ ಒಂದು ಉಂಗುರ, ಕಾಗದಕ್ಕಿಂತ ತೆಳು. "ಇದು ಕಾರ್ಖಾನೆದಲ್ಲ, ಕೈಯಲ್ಲಿ ಕತ್ತರಿಸಿದ್ದು" ಎಂದು ನನ್ನ ಅಂಗೈಯಲ್ಲಿಟ್ಟರು. ಅದರ ಅಂಚಿನಲ್ಲಿ ಸೂಜಿಯಿಂದ ಗೀರಿದ ತಾರೀಕು: 8-17-85, ಎಂಬತ್ತೈದರ ಆಗಸ್ಟ್ ಹದಿನೇಳು. ಅಪ್ಪನ ಏಳು ನಿನಗೆ ಗೊತ್ತಲ್ಲ, ನಡುವೆ ಅಡ್ಡಗೆರೆ ಇರುವುದು. ನೀರಿನ ಬಾಯ್ಲರು, ಹುಲ್ಲು ಕತ್ತರಿಸುವ ಯಂತ್ರ, ಏನನ್ನು ರಿಪೇರಿ ಮಾಡಿದರೂ ತಾರೀಕು ಗೀರದೆ ಬಿಡುತ್ತಿರಲಿಲ್ಲ.

"ಈ ಲೆನ್ಸಿದ್ದ ಕ್ಯಾಮೆರಾ ಯಾವತ್ತಾದ್ರೂ ಬಿದ್ದಿತ್ತಾ?" ಗಸ್ ಕೇಳಿದರು.

"ಬಿದ್ದಿತ್ತು. ಆ ತಾರೀಕಿಗೆ ಆರು ದಿನ ಮುಂಚೆ. ಷಾರ್ಲಾಟ್ ಕಟ್ಟೆ ಮೇಲೆ."

"ಹಾಗೆ ಹೇಳು. ಲೆನ್ಸ್ ಕೂರೋ ಕಡೆ ಕ್ಯಾಮೆರಾದ ಮೂತಿ ನೆಗ್ಗಿರುತ್ತೆ. ನಿಮ್ಮಪ್ಪ ಉಜ್ಜಿ ಮಟ್ಟ ಮಾಡಿದ್ದಾರೆ. ಉಜ್ಜಿದ್ದಕ್ಕೆ ಕೂದಲೆಳೆಯಷ್ಟು ತೆಳುವಾಯ್ತು. ಆ ಕೂದಲೆಳೆನ ಇಲ್ಲಿ, ಲೆನ್ಸಿಗೆ ಸೇರಿಸಿದ್ದಾರೆ. ನೀನು ಅಡಾಪ್ಟರ್‌ಗಳನ್ನ ಸುಮ್ನೆ ಬೈದೆ ಕಣಮ್ಮ. ಈ ಲೆನ್ಸು ಆ ಒಂದು ಕ್ಯಾಮೆರಾ ಮೇಲೆ ಮಾತ್ರ ದೂರ ನೋಡೋದು, ಬೇರೆದರ ಮೇಲೆ ಆ ಕೂದಲೆಳೆಯಷ್ಟು ಮುಂದಕ್ಕೆ ನಿಲ್ಲುತ್ತೆ. ಎಲ್ಲಿದೆ ಅದು?"

"ಅಕ್ಕನ ಹತ್ರ."

"ಯಾರು ಬೀಳಿಸಿದ್ದು?"

ನಾನು ಲೊರೇನ್ ಹತ್ತಿರ ಇನ್ನೊಂದು ಕಾಫಿ ಕೇಳಿದೆ.

ಗಸ್ ಉಂಗುರವನ್ನು ಬದಿಗಿಟ್ಟು ತಿರುಪು ಹಾಕಲು ಹೊರಟರು. "ಇದಿಲ್ದೆ ಮುಚ್ಚಿಬಿಡ್ತೀನಿ. ಎರಡೇ ನಿಮಿಷ. ಆಮೇಲೆ ಕಂಬ ಏನು, ಸರೋವರದ ಆಚೆ ಟೊರಾಂಟೊದೋರು ಬಟ್ಟೆ ಒಣಹಾಕೋದು ಕೂಡ ಕಾಣುತ್ತೆ."

"ಬೇಡ. ಉಂಗುರ ಇದ್ದ ಹಾಗೇ ಹಾಕಿ."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಎರಡು ತಿಂಗಳು ನನ್ನ ತಲೆ ತಿಂದಿದ್ದು ಇದಕ್ಕಾ?"

"ಹಾಕಿ ಗಸ್, ದಯವಿಟ್ಟು."

"ಲೊರೇನ್, ಮಾತ್ರೆ ಎರಡು ಕೊಡು" ಎಂದು ಗೊಣಗುತ್ತಲೇ ಹಾಕಿಕೊಟ್ಟರು.

ಅಪ್ಪ ಹೋದ ಮೇಲೆ ಶೂ ಡಬ್ಬಿಯಲ್ಲಿ ಸಿಕ್ಕ ಚೀಟಿ ನೆನಪಿದೆಯಲ್ಲ. ‘ಲೆನ್ಸು ಯೋಲಾಗೆ, ಅವಳ ಕೈ ಜೋಪಾನ. ಕ್ಯಾಮೆರಾ ಡಾನ್ಕಾಗೆ, ಕಾರಣ ಅವಳಿಗೆ ಗೊತ್ತು.’ ನೀನು ಓದಿ ನಕ್ಕೆ. "ಬೀಳಿಸಿದವಳಿಗೆ ಬಿದ್ದದ್ದು" ಎಂದು ಕ್ಯಾಮೆರಾವನ್ನು ಬಟ್ಟೆಗಳ ನಡುವೆ ತುರುಕಿ, ಮಾರನೇ ದಿನದ ವಿಮಾನಕ್ಕೂ ಕಾಯದೆ ಹೊರಟುಬಿಟ್ಟೆ. ಅಡುಗೆಮನೆಯಲ್ಲಿ ನಾನು ಮಾಡಿಟ್ಟ ಪಿಯೆರೋಗಿ ಕಡುಬು ಹಾಗೇ ಉಳಿಯಿತು.

ಈ ಪತ್ರದ ಜೊತೆಗೇ ಲೆನ್ಸನ್ನೂ ಕಳಿಸುತ್ತಿದ್ದೇನೆ. ನನಗೆ ಸಾಕಾಗಿದೆ, ನಿಜವಾಗಿ ಸಾಕಾಗಿದೆ. ಒಂದು ರೋಲ್ ಫಿಲ್ಮನ್ನೂ ಇಟ್ಟಿದ್ದೇನೆ. ನಿನ್ನ ಊರಲ್ಲೂ ಸರೋವರವಿದೆ, ಅದಕ್ಕೂ ಒಂದು ಕಟ್ಟೆ, ಒಂದು ದೀಪವಿದೆ. ಉಂಗುರವನ್ನು ಯಾರಿಗೂ ತೆಗೆಯಲು ಬಿಡಬೇಡ.

ಮೊಣಕಾಲು ನೋವಿಗೆ ಡಾಕ್ಟರನ್ನು ನೋಡು, ಮುಂದೂಡಬೇಡ. ನಿನ್ನ ಐವತ್ತೊಂದನೇ ವರ್ಷ ಹಗುರವಾಗಿರಲಿ. ನಿನಗೆ ಒಳ್ಳೆಯದಾಗಲಿ ಅಂತ ನಾನು ಬಯಸದ ದಿನವಿಲ್ಲ, ಬರೆಯದಿದ್ದರೂ.

ನಿನ್ನ ತಂಗಿ,
ಯೋಲಾ

ಮರೆತಿದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಪ್ಪ ಕಸ್ಟರ್ಡ್ ಐಸ್‌ಕ್ರೀಂ ಕೊಳ್ಳಲು ಸಾಲಿನಲ್ಲಿ ನಿಂತಿದ್ದ. ನೀನು ಬೆಂಚಿನ ಮೇಲೆ ಪುಸ್ತಕ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದೆ. ಕಂಬದ ಮೇಲೆ ಕೂತಿದ್ದ ಒಂದು ಕಡಲಹಕ್ಕಿಯನ್ನು ನೋಡಬೇಕೆಂದು ಕ್ಯಾಮೆರಾ ಎತ್ತಿಕೊಂಡವಳು ನಾನು. ಅದರ ಪಟ್ಟಿ ಕೈಯಿಂದ ಜಾರಿ, ಕ್ಯಾಮೆರಾ ಕಾಂಕ್ರೀಟಿಗೆ ಬಿತ್ತು. ಅದನ್ನು ನಿನ್ನ ಕೈ ಪಕ್ಕದಲ್ಲಿಟ್ಟು ನೀರಿನ ಹತ್ತಿರ ಓಡಿದೆ. ಅಪ್ಪ ಬಂದು ಕೇಳಿದಾಗ ನೀನು "ನಾನಲ್ಲ" ಎಂದೆ. "ಬೀಳಿಸಿದ್ದಲ್ಲದೆ ಸುಳ್ಳೂ ಹೇಳ್ತೀಯಾ" ಎಂದು ಅಪ್ಪ ನಿನಗೆ ಹೊಡೆದ. ಅವನು ನಿನಗೆ ಹೊಡೆದದ್ದು ಅದೊಂದೇ ಸಲ. ನನಗೆ ಎಂಟು ವರ್ಷ, ಕೈಯಲ್ಲಿ ಕಸ್ಟರ್ಡ್ ಕರಗುತ್ತಿತ್ತು, ತಿನ್ನುತ್ತಾ ನಿಂತಿದ್ದೆ. ಆಮೇಲೆ ನೀನು ಕಟ್ಟೆಗೆ ಬರಲೇ ಇಲ್ಲ. ಅಪ್ಪನಿಗೆ ಹೇಳಲು ಮೂವತ್ತೇಳು ವರ್ಷ ಇತ್ತು, ನಾನು ಹೇಳಲಿಲ್ಲ. ಇನ್ನು ಹೇಳಬಹುದಾದದ್ದು ನಿನಗೊಬ್ಬಳಿಗೇ. ನೀನು ಸುಳ್ಳು ಹೇಳಿರಲಿಲ್ಲ, ಡಾನ್ಕಾ.