ಅರ್ಧ ಖೋಲಿ

ಧಾರಾವಿ, ಮುಂಬಯಿ
ರವಿವಾರ, ತಾ. ೧೪-೧೧-೧೯೫೪

ಮುದ್ದಿನ ಮಗಳು ಜನ್ನತಬಿಗೆ ನಿನ್ನ ಅಮ್ಮಿ ಮಾಡುವ ಸಾವಿರ ದುವಾ.

ಹೇಗಿದ್ದೀಯ ಮಗಳೇ? ಏಳು ತಿಂಗಳು ತುಂಬುತ್ತ ಬಂತಲ್ಲ, ಕಾಲು ಬಾತಿಲ್ಲ ತಾನೆ? ಊಟ ಸೇರುತ್ತದೆಯೇ? ಹುಣಸೆಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಕದ್ದು ತಿನ್ನುವ ಚಾಳಿ ಬಿಟ್ಟಿದ್ದರೆ ಒಳ್ಳೆಯದು, ಬಿಟ್ಟಿರಲಾರೆ, ನನಗೆ ಗೊತ್ತು. ಅಳಿಯ ಮೀರಾಸಾಬ, ನಿನ್ನ ಅತ್ತೆ ಬೀಬಿಜಾನ್ ಕ್ಷೇಮವೆಂದು ತಿಳಿಯುತ್ತೇನೆ. ಇಲ್ಲಿ ನಾನೂ ನಿನ್ನ ಅಬ್ಬಾನೂ ಆರೋಗ್ಯವಾಗಿದ್ದೇವೆ. ನನ್ನ ಮೊಣಕಾಲಿನ ನೋವು ಇದ್ದಲ್ಲೇ ಇದೆ, ಅವರ ಹುಚ್ಚೂ ಇದ್ದಲ್ಲೇ ಇದೆ. ಈ ಕಾಗದದಲ್ಲಿರುವುದೆಲ್ಲ ಆ ಹುಚ್ಚಿನದೇ ಸುದ್ದಿ. ನಗುತ್ತ ಓದು, ಆದರೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಗು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ‘ನಿಮ್ಮಪ್ಪಂದು ಒಂದ ಖೋಲಿ, ಅದರಾಗ ಬಾಣಂತಿ ಎಲ್ಲಿ ಮಲಗಬೇಕು? ಹೆರಿಗಿ ವಿಜಾಪುರದಾಗ ಆಗ್ಲಿ’ ಎಂದು ಅತ್ತೆ ಹೇಳಿದರೆಂದು ಬರೆದಿದ್ದೆ. ಓದಿ ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ, ಸುಳ್ಳು ಯಾಕೆ ಹೇಳಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಯಾವ ತಾಯಿಗೆ ಸಮಾಧಾನ? ಅದೂ ನಿನ್ನ ಮದುವೆಯ ದಿನ ನಮ್ಮ ಪುಲಾವಿನಲ್ಲಿ ಉಪ್ಪು ಸಾಲದು ಎಂದು ಹತ್ತು ಜನರ ಮುಂದೆ ಹೇಳಿದ ಹೆಂಗಸಿನ ಮನೆಯಲ್ಲಿ! (ಈ ಸಾಲನ್ನು ಅವರಿಗೆ ಓದಿ ಹೇಳಬೇಡ.) ಮುಖ ತೊಳೆದುಕೊಂಡು ಎದ್ದವಳೇ ಖೋಲಿಯ ಅರ್ಧ ಭಾಗ ಖಾಲಿ ಮಾಡಿದೆ. ಟ್ರಂಕುಗಳನ್ನು ಮಾಡಿನ ಕೆಳಗಿನ ಹಲಗೆಗೆ ಏರಿಸಿದೆ. ನನ್ನ ಹಳೆಯ ಹಸಿರು ಚಾದರವನ್ನು ಅಡ್ಡ ಕಟ್ಟಿದೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಡಬೇಕಲ್ಲ, ಅದಕ್ಕಾಗಿ ನಾಲ್ಕು ಕಾಲಿಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿದೆ. ‘ಜಾಗ ಆಗಿದೆ, ಬಾ’ ಎಂದು ನಿನಗೆ ಬರೆಯಬೇಕು ಎನ್ನುವಷ್ಟರಲ್ಲಿ ನಿನ್ನ ಅಬ್ಬಾ ಆ ಜಾಗವನ್ನು ದಾನ ಮಾಡಿ ಕೂತರು.

ಅವರ ಸ್ವಭಾವ ನಿನಗೆ ಹೊಸದಲ್ಲ. ಪೈಗಂಬರರು ಹುಟ್ಟಿದ ಮಿಲಾದಿನ ತಿಂಗಳಲ್ಲಿ ಮಸೀದಿಯಲ್ಲಿ ಅವರ ಸಂಗಡಿಗರಾದ ಸಹಾಬಿಗಳ ಕಥೆ ನಡೆಯುತ್ತದೆ. ಊರ ಗಂಡಸರೆಲ್ಲ ಕೇಳಿ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟುವಾಗ ಮರೆತುಬಿಡುತ್ತಾರೆ. ಇವರು ಕಥೆಯನ್ನು ಮನೆಗೆ ತರುತ್ತಾರೆ. ಅಬೂಬಕರ್ ಸಿದ್ದೀಕರು ಮನೆಯಲ್ಲಿದ್ದುದನ್ನೆಲ್ಲ ತಂದು ಪೈಗಂಬರರ ಮುಂದಿಟ್ಟ ಕಥೆ ಕೇಳಿದ ಸಂಜೆ ನಮ್ಮ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಹೊರಟಿದ್ದರಲ್ಲ, ನೀನು ಹಂಡೆಯೊಳಗೆ ಕೂತು ರಂಪ ಮಾಡಿದ್ದರಿಂದ ಅದು ಉಳಿಯಿತು. ಹೋದ ವರ್ಷ ಉಮರ್ ಖಲೀಫರ ಸರದಿ. ಹಸಿದ ಮಕ್ಕಳ ಮನೆಗೆ ಖಲೀಫರು ಹಿಟ್ಟಿನ ಚೀಲವನ್ನು ತಮ್ಮ ಬೆನ್ನ ಮೇಲೆಯೇ ಹೊತ್ತರಂತೆ. ಇವರೂ ಹಮಾಲನನ್ನು ಬೇಡವೆಂದು, ಹಿಂದಿನ ಓಣಿಯ ವಿಧವೆ ಅಂಬವ್ವನ ಮನೆಗೆ ಜೋಳದ ಹಿಟ್ಟು ಹೊತ್ತರು. ಅರ್ಧ ದಾರಿಯಲ್ಲಿ ಚೀಲ ಬಿರಿಯಿತು. ಓಣಿಯೆಲ್ಲ ಬಿಳಿ, ಇವರ ಗಡ್ಡವೂ ಬಿಳಿ. ಅಂಬವ್ವ ನೋಡಿ, ‘ಯಣ್ಣಾ, ದಿನಾ ಚರ್ಮದ ಪೆಟಿಗಿ ಹೊಲಿಯಾವ ನೀನು, ಒಂದು ಚೀಲಾ ಹೊಲಿಯಾಕ ಆಗಲಿಲ್ಲೇನು?’ ಎಂದಳು. ಇದ್ದಷ್ಟು ಹಿಟ್ಟನ್ನು ಜರಡಿ ಹಿಡಿದು ಕೊಟ್ಟು ಬಂದೆ.

ಈ ವರ್ಷ ಕಥೆ ಹೇಳಲು ಗೋಕಾಕದ ಹಾಫೀಜ್ ಸಾಹೇಬರು ಬಂದಿದ್ದಾರೆ. ಸೋಮವಾರ ಸಂಜೆ ಮಗ್ರಿಬ್ ನಮಾಜಿನ ಮೇಲೆ ಸಅದ್ ಬಿನ್ ರಬೀ ಅವರ ಕಥೆ ಶುರು ಮಾಡಿದರು. ಮಕ್ಕಾದಲ್ಲಿ ಮನೆ ಮಾರು ಬಿಟ್ಟು ಬರಿಗೈಯಲ್ಲಿ ಮದೀನಾಕ್ಕೆ ಬಂದವರನ್ನು ಪೈಗಂಬರರು ಅಲ್ಲಿಯ ಒಬ್ಬೊಬ್ಬರಿಗೆ ತಮ್ಮನನ್ನಾಗಿ ಒಪ್ಪಿಸಿದರಂತೆ. ಸಅದರ ಪಾಲಿಗೆ ಬಂದವರು ಅಬ್ದುರ್ರಹಮಾನ್ ಬಿನ್ ಔಫ್. ‘ನನ್ನದರಲ್ಲಿ ಅರ್ಧ ನಿನ್ನದು’ ಎಂದರಂತೆ ಸಅದ್. ಅಷ್ಟು ಹೇಳುವುದರಲ್ಲಿ ರಾತ್ರಿಯ ಇಶಾ ನಮಾಜಿನ ಬಾಂಗ್ ಆಯಿತು. ಉಳಿದದ್ದು ನಾಳೆ ಎಂದರು ಹಾಫೀಜರು. ಮರುದಿನ ಅವರಿಗೆ ಜ್ವರ ಬಂದು ಮಲಗಿದರು. ಕಥೆ ಅರ್ಧಕ್ಕೇ ನಿಂತಿತು, ನಿನ್ನ ಅಬ್ಬಾ ನಿಲ್ಲಬೇಕಲ್ಲ!

ಮಂಗಳವಾರ ಸಯನ್ ಸ್ಟೇಷನ್ನಿನ ಹೊರಗೆ ಗಂಟು ಮೂಟೆ ಇಟ್ಟುಕೊಂಡು ಗಂಡ ಹೆಂಡತಿ ಕೂತಿದ್ದರಂತೆ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದು ಇವರು ನಿಂತರು. ಗಂಡ ಗದಿಗೆಪ್ಪ, ಹೆಂಡತಿ ಚನ್ನವ್ವ. ಭಾಂಡುಪಿನಲ್ಲಿ ಕೆಲಸವೂ ಖೋಲಿಯೂ ಕೊಡಿಸುತ್ತೇನೆಂದು ಕರೆಸಿದ ಪರಿಚಯದವನು ತಾನೇ ಅಲ್ಲಿಂದ ನಾಪತ್ತೆ. ಇಬ್ಬರನ್ನೂ ಕರೆದುಕೊಂಡು ಬಂದವರೇ ಚರ್ಮದ ಮೇಲೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಅಳತೆಪಟ್ಟಿ ಹಿಡಿದು, ನೆಲದ ಮೇಲೆ ಗೆರೆ ಎಳೆದರು. ‘ಈಕಡೆ ನಿಮ್ದು, ಆಕಡೆ ನಮ್ದು.’ ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ನಿನ್ನ ಹೊರಸೂ ನನ್ನ ಒಲೆಯೂ ಅವರ ಕಡೆ ಹೋದವು, ನೀರಿನ ಕೊಡ ನಮ್ಮ ಕಡೆ ಉಳಿಯಿತು. ನನ್ನ ಮನೆಯಲ್ಲಿ ಚಹಾ ಕಾಸಲು ನಾನು ಚನ್ನವ್ವನ ಅಪ್ಪಣೆ ಕೇಳಬೇಕು! ಆಮೇಲೆ ಪಾತ್ರೆ ಪಾಲು. ಬೀಸುಕಲ್ಲಿನ ಹತ್ತಿರ ಬಂದು, ಮೇಲಿನ ಕಲ್ಲು ಯಾರಿಗೆ, ಕೆಳಗಿನದು ಯಾರಿಗೆ ಎಂದು ತಲೆ ಕೆರೆದುಕೊಂಡು ನಿಂತರು. ನಾನು ನಗಲಿಲ್ಲ. ಮೂರು ದಿನ ನಿನ್ನ ಅಬ್ಬಾನೊಡನೆ ಮಾತೇ ಆಡಲಿಲ್ಲ. ಬಂದವರ ಮೇಲೆ ನನಗೆ ಸಿಟ್ಟಿರಲಿಲ್ಲ ಮಗಳೇ, ಅರ್ಧ ರೊಟ್ಟಿ ಕೊಡು ಎಂದರೆ ಇಡೀ ರೊಟ್ಟಿ ಕೊಟ್ಟೇನು. ಆದರೆ ಅದು ನಿನ್ನ ಜಾಗ.

ಗುರುವಾರ ಚನ್ನವ್ವ ಕಸ ಗುಡಿಸುವಾಗ ಹೊರಸಿನ ಕೆಳಗಿನ ಇಟ್ಟಿಗೆ ನೋಡಿದಳು. ತಲೆದಿಂಬಿನ ಪಕ್ಕ ನಾನು ಹೊಲಿದಿಟ್ಟ ಕುಲಾವಿಯೂ ಕಣ್ಣಿಗೆ ಬಿತ್ತು. ‘ಯಕ್ಕಾ, ಇದ್ಯಾರ ಬಾಣಂತನದ ಹೊರಸು?’ ಎಂದು ಕೇಳಿದಳು. ಏನೂ ಇಲ್ಲ ಎನ್ನಬೇಕಿತ್ತು, ಬಾಯಿ ತಡೆಯಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವಳು ಕುಲಾವಿಯ ಧೂಳು ಕೊಡವಿ ಮೆಲ್ಲಗೆ ದಿಂಬಿನ ಮೇಲಿಟ್ಟಳು. ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಶುಕ್ರವಾರ ಬೆಳಗ್ಗೆ ಗದಿಗೆಪ್ಪ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಿನ್ನ ಅಬ್ಬಾನ ಮುಂದೆ ಕೈ ಜೋಡಿಸಿ ನಿಂತ. ‘ಯಣ್ಣಾ, ನಿಮ್ಮನಿ ನಿಮಗಿರಲಿ, ದೇವರು ಇಮ್ಮಡಿ ಕೊಡಲಿ. ನಮಗ ಅರ್ಧಾ ಬ್ಯಾಡ. ಇಲ್ಲಿ ಸಂತಿ ಪ್ಯಾಟಿ ಎಲ್ಲೈತಿ, ಅಷ್ಟ ದಾರಿ ತೋರಸ್ರಿ’ ಎಂದ. ನಿನ್ನ ಅಬ್ಬಾ ಬೇಡವೆಂದರು, ಗೋಗರೆದರು, ಕೊನೆಗೆ ಮುಖ ಸಣ್ಣದು ಮಾಡಿಕೊಂಡು ಪೇಟೆಗೆ ಕರೆದುಕೊಂಡು ಹೋದರು. ಪೇಟೆಯ ಆಚೆ ಎಮ್ಮೆಗಳ ತಬೇಲಾ ಇದೆಯಲ್ಲ, ಅಲ್ಲಿ ಒಂದು ಎಮ್ಮೆ ಮೂರು ದಿನದಿಂದ ಯಾರನ್ನೂ ಹತ್ತಿರ ಸೇರಿಸದೆ ಒದೆಯುತ್ತಿತ್ತಂತೆ. ಗದಿಗೆಪ್ಪ ಹುಟ್ಟಿದ್ದೇ ದನದ ಕೊಟ್ಟಿಗೆಯಲ್ಲಿ. ಕುತ್ತಿಗೆ ತುರಿಸಿ, ಅದಕ್ಕೊಂದು ಹೆಸರಿಟ್ಟು ಕರೆದು, ತಂಬಿಗೆ ತುಂಬ ಹಾಲು ಕರೆದುಕೊಟ್ಟ. ತಬೇಲಾದ ಮಾಲಿಕ ಭೈಯಾ ಅಲ್ಲೇ ಕೆಲಸ ಕೊಟ್ಟ, ಪಕ್ಕದ ಕೋಣೆಯನ್ನೂ ಕೊಟ್ಟ. ಮಧ್ಯಾಹ್ನ ಗದಿಗೆಪ್ಪ ಎಲೆಯಲ್ಲಿ ಬೆಣ್ಣೆ ಕಟ್ಟಿಸಿಕೊಂಡು ಬಂದು, ‘ಯಕ್ಕಾ, ಮಗಳು ಬಂದಾಗ ದಿನಾ ತರತೀನಿ’ ಎಂದು ನನ್ನ ಕೈಗಿಟ್ಟ.

ಅದೇ ಸಂಜೆ ಹಾಫೀಜರ ಜ್ವರ ಬಿಟ್ಟಿತ್ತು. ನಾನು ಚನ್ನವ್ವನನ್ನೂ ಕರೆದುಕೊಂಡು, ಹೆಂಗಸರು ಕೂತು ಕೇಳುವ ಹಿಂದಿನ ಓಣಿಗೆ ಹೋದೆ. ಹಾಫೀಜರು ಉಳಿದರ್ಧ ಕಥೆ ಹೇಳಿದರು. ‘ಅಬ್ದುರ್ರಹಮಾನರು ಏನಂದರು ಗೊತ್ತೇನ್ರಿ? ನಿನ್ನ ಮನೆಯಲ್ಲಿ, ನಿನ್ನ ಆಸ್ತಿಯಲ್ಲಿ ಅಲ್ಲಾಹು ಬರಕತ್ ಕೊಡಲಿ, ನನಗೆ ಪೇಟೆಯ ದಾರಿ ತೋರಿಸು ಅಂದರು. ಹೋದವರು ದುಡಿದು, ತುಪ್ಪ ಮತ್ತು ಒಣಮೊಸರು ಹಿಡಿದುಕೊಂಡು ತಿರುಗಿ ಬಂದರು.’ ಅಷ್ಟು ಹೇಳಿದ್ದೇ ತಡ, ಒಳಗಿಂದ ನಿನ್ನ ಅಬ್ಬಾನ ಧ್ವನಿ: ‘ನಮ್ಮನ್ಯಾಗ ಬೆಣ್ಣಿ ಬಂದೈತ್ರೀ ಸಾಹೇಬ್ರ!’ ಇಡೀ ಮಸೀದಿ ತಿರುಗಿ ನೋಡಿತಂತೆ. ಹಾಫೀಜರು ಅರ್ಥವಾಗದೆ ‘ಮಾಶಾಅಲ್ಲಾ’ ಎಂದರಂತೆ. ಇತ್ತ ಚನ್ನವ್ವ ನನ್ನ ತೋಳು ಹಿಡಿದು, ‘ಯಕ್ಕಾ, ಅವರಿಗಿ ನಮ್ಮವರ ಮಾತು ಯಾರು ಹೇಳಿದ್ರು?’ ಎಂದಳು. ನಾನು ನಕ್ಕೆ, ನಗುತ್ತಲೇ ಅಳು ಬಂತು. ಮನೆಗೆ ಬಂದು ನಿನ್ನ ಅಬ್ಬಾನನ್ನು ಮೊದಲು ನಾನೇ ಮಾತಾಡಿಸಿದೆ. ಇಷ್ಟು ವರ್ಷ ಈ ಕಥೆಗಳಲ್ಲಿ ಕೊಡುವವರನ್ನು ಮಾತ್ರ ನೋಡಿದ್ದೆ. ತೆಗೆದುಕೊಳ್ಳದೆ ಹರಸಿ ಹೋಗುವವರೂ ಅಷ್ಟೇ ದೊಡ್ಡವರೆಂದು ಆ ದಿನ ತಿಳಿಯಿತು.

ಅವರಿಬ್ಬರೂ ನಿನ್ನೆ ತಬೇಲಾದ ಕೋಣೆಗೆ ಹೋದರು. ಹೋಗುವ ಮುಂಚೆ ಚನ್ನವ್ವ ನೆಲ ಸಾರಿಸಿ, ಹೊರಸನ್ನು ಕಿಟಕಿಯ ಗಾಳಿ ಬರುವ ಕಡೆ ತಿರುಗಿಸಿಟ್ಟಳು. ಜಾಗ ತಯಾರಾಗಿದೆ. ಬುಧವಾರ ನಿನ್ನ ಅಬ್ಬಾ ಗಾಡಿ ಹತ್ತುತ್ತಾರೆ, ಶುಕ್ರವಾರ ಕರೆದುಕೊಂಡು ಬರುತ್ತಾರೆ. ಬೆಚ್ಚಗೆ ಹೊದ್ದುಕೊಂಡು ಬಾ, ಎಂಜಿನ್ನಿನ ಕಡೆಯ ಡಬ್ಬಿಯಲ್ಲಿ ಕೂರಬೇಡ.

ಅಳಿಯನಿಗೆ ದುವಾ, ನಿನ್ನ ಅತ್ತೆಗೆ ಸಲಾಂ ಹೇಳು. ಹೊಟ್ಟೆಯಲ್ಲಿರುವ ಕಂದನಿಗೆ ಅಜ್ಜಿಯ ಮುತ್ತು. ಅಲ್ಲಾಹು ನಿನ್ನನ್ನು ಸುಖವಾಗಿ ಎರಡು ಜೀವ ಮಾಡಲಿ.

ನಿನ್ನ ಅಮ್ಮಿ
ಮೌಲಾಬಿ

ತಾ.ಕ.: ಕಾಗದವನ್ನು ಟಪಾಲು ಡಬ್ಬಿಗೆ ಹಾಕಿ ಬರುತ್ತೇನೆಂದು ನಿನ್ನ ಅಬ್ಬಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಜಾಗದ ನೆವ ಹೇಳಿದರು, ಆದರೆ ಮೊದಲ ಮೊಮ್ಮಗುವಿನ ಮುಖ ನೋಡುವ ಆಸೆ ಅವರಿಗೂ ಇರುವುದಿಲ್ಲವೇ? ನಿನ್ನನ್ನೊಬ್ಬಳನ್ನೇ ಕಳಿಸಿ ಅವರು ಅಲ್ಲಿ ಒಬ್ಬರೇ ದಿನ ಎಣಿಸುವುದು ಬೇಡ. ಅವರನ್ನೂ ಕರೆದುಕೊಂಡು ಬಾ. ನನ್ನ ಹಾಸಿಗೆಯಲ್ಲಿ ಅರ್ಧ ಅವರಿಗೆ, ನಿನ್ನ ಅಬ್ಬಾ ಹೊರಗೆ ಗ್ಯಾಲರಿಯಲ್ಲಿ ಮಲಗಲಿ. ನಿನ್ನ ಅಬ್ಬಾನಿಗೆ ಇದಿನ್ನೂ ಗೊತ್ತಿಲ್ಲ. ಈ ಅರ್ಧ ನಾನು ಕೊಟ್ಟದ್ದು.